ಕರುವಿನಷ್ಟು ದೊಡ್ಡ ಮರಿ: ಕಾರಿಗೆ ಹತ್ತಿಸುವುದು ಹೇಗೆ, ನಡೆಸುವುದು ಎಷ್ಟು?

ನಮ್ಮ ಚಿನ್ನುವಿಗೆ ಆಗ ನಾಲ್ಕೂವರೆ ತಿಂಗಳು. ಗ್ರೇಟ್ ಡೇನ್ ಜಾತಿಯ ಹೆಣ್ಣು ನಾಯಿಮರಿ, ತೂಕ 32 ಕಿಲೋ. ಉಡುಪಿಯಲ್ಲಿ ಲಸಿಕೆ ಹಾಕಿಸಿಕೊಂಡು ಕಾಪುವಿನ ಮನೆಗೆ ಮರಳಿದ್ದೆವು. ಅಂಗಳದಲ್ಲಿ ಜೀಪಿನ ಹಿಂಬಾಗಿಲು ತೆರೆದದ್ದೇ ತಡ, ಮರಿ ಮೇಲಿನಿಂದ ಒಂದೇ ನೆಗೆತಕ್ಕೆ ಕೆಳಗೆ ಹಾರಿತು. ಕೆಳಗೆ ಇಂಟರ್‌ಲಾಕ್ ನೆಲ. ಮುಂಗಾಲು ಎರಡೂ ಒಟ್ಟಿಗೆ ಬಡಿದ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಗ ಅದು ಕುಂಯ್ ಅನ್ನಲಿಲ್ಲ, ಬಾಲ ಅಲ್ಲಾಡಿಸಿಕೊಂಡು ಒಳಗೆ ಹೋಯಿತು. ಸಂಜೆ ಊಟಕ್ಕೆ ಕರೆದಾಗ ಎಡ ಮುಂಗಾಲನ್ನು ಎತ್ತಿಕೊಂಡೇ ಬಂತು.

ಎಕ್ಸ್‌ರೇ ತೆಗೆದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಣಿಗಂಟಿನ ಮೇಲೆ ಎಲುಬಿನ ತುದಿಗೂ ಎಲುಬಿನ ಮೈಗೂ ನಡುವೆ ಒಂದು ಕಪ್ಪು ಗೆರೆ. "ಇದು ಬಿರುಕಲ್ಲ, ಹೆದರಬೇಡಿ. ಎಲುಬು ಬೆಳೆಯುವ ಜಾಗ ಇದು. ಇಲ್ಲಿಗೇ ಪೆಟ್ಟಾದದ್ದು. ತೂಕ ನೋಡಿ ದೊಡ್ಡದಾಯಿತು ಅಂತ ಎಣಿಸಬೇಡಿ, ಇದಿನ್ನೂ ಮಗು" ಎಂದರು. ಮೂರು ವಾರ ಚಾವಡಿ ಬಿಟ್ಟು ಹೊರಗೆ ಬಿಡಲಿಲ್ಲ. ಕಾಲು ಸರಿಯಾಯಿತು. ಆದರೆ ತಪ್ಪು ನನ್ನದೇ, ಮರಿಯದ್ದಲ್ಲ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಕಪ್ಪು ಗೆರೆಯ ವಿಷಯ

ಉದ್ದ ಎಲುಬುಗಳ ತುದಿಯಲ್ಲಿ ಮೆದು ಎಲುಬಿನ ಒಂದು ತೆಳು ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಸಣ್ಣ ಜಾತಿಯ ನಾಯಿಗಳಲ್ಲಿ ಈ ಪಟ್ಟಿ ವರ್ಷ ತುಂಬುವುದರೊಳಗೆ ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್‌ನಂಥ ದೈತ್ಯ ಜಾತಿಗಳಲ್ಲಿ ಎಲ್ಲ ಪಟ್ಟಿಗಳೂ ಮುಚ್ಚಿಕೊಳ್ಳಲು 18ರಿಂದ 24 ತಿಂಗಳು ಬೇಕು. ತೂಕ ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಎರಡು ತಿಂಗಳಲ್ಲಿ ಎಂಟು ಹತ್ತು ಕಿಲೋ ಇದ್ದದ್ದು ಆರು ತಿಂಗಳಿಗೆ 40 ದಾಟುತ್ತದೆ. ಎಳೆ ಬಾಳೆಗೆ ದೊಡ್ಡ ಗೊನೆ ಬಿಟ್ಟ ಹಾಗೆ. ಬಾಳೆಗೆ ನಾವು ಊರುಗೋಲು ಕೊಡುತ್ತೇವೆ, ಮರಿಗೆ ಕೊಡುವುದಿಲ್ಲ.

ಊಟದ ಬಗ್ಗೆ ಇಲ್ಲಿ ಎರಡೇ ಮಾತು. ಎಲುಬು ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಸಿರಪ್ಪನ್ನೋ ಮೊಟ್ಟೆ ಚಿಪ್ಪಿನ ಪುಡಿಯನ್ನೋ ಡಾಕ್ಟರನ್ನು ಕೇಳದೆ ಹಾಕಬೇಡಿ. ಎಳೆಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆದುಕೊಳ್ಳುವ ಶಕ್ತಿ ಇಲ್ಲ, ಅದರಿಂದ ಎಲುಬು ಸೊಟ್ಟವಾಗಿ ಬೆಳೆಯುವುದೇ ಹೆಚ್ಚು. ಮತ್ತೆ, ಮರಿ ತೆಳ್ಳಗಿರಲಿ. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು.

ಮೊದಲು ಹಲಗೆ

ಮರಿ ಮನೆಗೆ ಬಂದ ವಾರವೇ ಮಾಡಬೇಕಾದ ಕೆಲಸ ಇದು. ಎತ್ತಿಕೊಳ್ಳಲು ಆಗುವಷ್ಟು ಚಿಕ್ಕದಿರುವಾಗಲೇ ಹಲಗೆ ಹತ್ತಲು ಕಲಿಸಬೇಕು. ಎತ್ತಲಾಗದಷ್ಟು ಬೆಳೆದ ಮೇಲೆ, ಹೆದರಿ ನಿಂತ 40 ಕಿಲೋದ ಮರಿಯನ್ನು ಹಲಗೆಯ ಮೇಲೆ ತಳ್ಳುವುದು ಯಾರಿಂದಲೂ ಆಗದು.

18 ಮಿ.ಮೀ. ಪ್ಲೈವುಡ್, ಆರಡಿ ಉದ್ದ, ಒಂದೂವರೆ ಅಡಿ ಅಗಲ. ಕಾರಿನ ಡಿಕ್ಕಿ ನೆಲದಿಂದ ಎರಡಡಿ ಎತ್ತರ ಇದ್ದರೆ ಆರಡಿಯ ಹಲಗೆ ಸುಮಾರು 20 ಡಿಗ್ರಿ ಇಳಿಜಾರಾಗುತ್ತದೆ, ಅಷ್ಟು ಸಾಕು. ನಾಲ್ಕಡಿಯದ್ದು ಮಾಡಿದರೆ ಏಣಿಯ ಹಾಗೆ ಕಡಿದಾಗಿ ಮರಿ ಅರ್ಧದಿಂದಲೇ ಹಾರುತ್ತದೆ. ಹಲಗೆ ಬಾಗದಂತೆ ಅಡಿಗೆ ಉದ್ದಕ್ಕೆ ಎರಡು ರೀಪು ಹೊಡೆಸಿ. ಮೇಲೆ ತೆಂಗಿನ ನಾರಿನ ಮ್ಯಾಟನ್ನು ಅಂಟಿಸಿ ಅಂಚಿಗೆ ಮೊಳೆ ಹೊಡೆಯಿರಿ, ಮೊಳೆಯ ತಲೆ ಮೇಲೆ ಏಳದಂತೆ ನೋಡಿ. ರಬ್ಬರ್ ಮ್ಯಾಟು ಒಣಗಿದಾಗ ಚೆನ್ನಾಗಿರುತ್ತದೆ, ನಮ್ಮ ಮಳೆಯಲ್ಲಿ ಜಾರುತ್ತದೆ. ನಾರು ಒದ್ದೆಯಾದರೂ ಉಗುರಿಗೆ ಹಿಡಿತ ಕೊಡುತ್ತದೆ. ಮೇಲಿನ ತುದಿಗೆ ಒಂದು ಕೊಕ್ಕೆ ಬೇಕು, ಇಲ್ಲವಾದರೆ ಮರಿ ಹತ್ತುವಾಗ ಹಲಗೆ ಹಿಂದಕ್ಕೆ ಜಾರುತ್ತದೆ. ಒಮ್ಮೆ ಜಾರಿದರೆ ಆಯಿತು, ಆ ಹೆದರಿಕೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಕಲಿಸುವ ರೀತಿ ಹೀಗೆ. ಮೊದಲ ಮೂರು ನಾಲ್ಕು ದಿನ ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ಅದರ ಮೇಲೆಯೇ ಊಟ ಕೊಡಿ. ಮರಿ ಯೋಚನೆಯಿಲ್ಲದೆ ನಡೆದಾಡತೊಡಗಿದ ಮೇಲೆ ಒಂದು ತುದಿಗೆ ಕೆಂಪುಕಲ್ಲು ಅಡ್ಡ ಇಟ್ಟು ಅರ್ಧ ಅಡಿ ಎತ್ತರಿಸಿ. ಇನ್ನೆರಡು ದಿನ ಬಿಟ್ಟು ಮತ್ತೊಂದು ಕಲ್ಲು. ಚಾವಡಿಯ ಜಗಲಿಗೆ ಒರಗಿಸಿದರೆ ಮೇಲೆ ನಿಲ್ಲಲು ಜಾಗವೂ ಸಿಗುತ್ತದೆ. ಕಾರಿಗೆ ಹಚ್ಚುವುದು ಕೊನೆಗೆ. ಪ್ರತಿ ಸಲ ಒಬ್ಬರು ಪಕ್ಕದಲ್ಲಿ ಮರಿಯ ಎದೆಗೆ ಹಾಕಿದ ಪಟ್ಟಿಯನ್ನು (ಹಾರ್ನೆಸ್) ಹಿಡಿದಿರಬೇಕು. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಪೆಟ್ಟೆಲ್ಲ ಬೀಳುವುದು ಇಳಿಯುವಾಗ. "ನಿಲ್ಲು" ಎಂದರೆ ಡಿಕ್ಕಿಯ ಅಂಚಿನಲ್ಲಿ ನಿಲ್ಲಬೇಕು, ಹಲಗೆ ಇಟ್ಟು "ಬಾ" ಎಂದ ಮೇಲೆಯೇ ಕಾಲಿಡಬೇಕು. ಚಿನ್ನುವಿಗೆ ಇದನ್ನು ಕಲಿಸಲು ಹತ್ತು ದಿನ ಮತ್ತು ಒಂದಿಷ್ಟು ಬೇಯಿಸಿದ ಕೋಳಿ ಹಿಡಿಯಿತು.

ಎತ್ತಲೇಬೇಕಾದರೆ ಕಂಕುಳಿಗೆ ಕೈಹಾಕಿ ಮಗುವಿನ ಹಾಗೆ ಎತ್ತಬೇಡಿ. ಒಂದು ಕೈ ಎದೆಯ ಮುಂದೆ ಸುತ್ತಿ, ಇನ್ನೊಂದು ಕೈ ಹಿಂದೊಡೆಗಳ ಹಿಂದೆ ಸುತ್ತಿ, ಬೆನ್ನು ಮಟ್ಟಸವಾಗಿರುವಂತೆ ಎತ್ತಿ. 20 ಕಿಲೋ ದಾಟಿದ ಮೇಲೆ ಇಬ್ಬರು ಬೇಕು.

ಕಾರಿನೊಳಗೆ

ಹಿಂದಿನ ಸೀಟು ಮಡಚಿದಾಗ ಉಳಿಯುವ ತಗ್ಗಿಗೆ ಹಳೆಯ ಹಾಸಿಗೆ ತುಂಬಿಸಿ ನೆಲ ಸಮ ಮಾಡಿ, ಮೇಲೆ ಜಾರದ ಮ್ಯಾಟು ಹಾಕಿ. ಬರಿಯ ಪ್ಲಾಸ್ಟಿಕ್ ಹಾಳೆ ಹಾಸಿದರೆ ಪ್ರತಿ ತಿರುವಿನಲ್ಲೂ ಮರಿ ಜಾರಿ ಬೀಳುತ್ತದೆ. ಎದೆಗೆ ಹಾಕುವ ಹಾರ್ನೆಸ್ಸನ್ನು ಸಣ್ಣ ಪಟ್ಟಿಯಿಂದ ಸೀಟ್‌ಬೆಲ್ಟಿನ ಕೊಂಡಿಗೆ ಸಿಕ್ಕಿಸಿ. ಕುತ್ತಿಗೆಯ ಬೆಲ್ಟಿಗೆ ಎಂದೂ ಕಟ್ಟಬೇಡಿ. ದಿಢೀರ್ ಬ್ರೇಕ್ ಹಾಕಿದಾಗ ಕಟ್ಟದ ನಾಯಿ ತನ್ನ ತೂಕದ ಹಲವು ಪಟ್ಟು ಬಲದಲ್ಲಿ ಮುಂದಿನ ಸೀಟಿಗೆ ಅಪ್ಪಳಿಸುತ್ತದೆ. ಮಂಗಳೂರಿನ ನಂತೂರು, ಪಂಪ್‌ವೆಲ್ ಕಡೆ ದಿನಾ ಗಾಡಿ ಓಡಿಸುವವರಿಗೆ ಆ ಬ್ರೇಕಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಪ್ರಯಾಣವನ್ನೂ ಹಂತಹಂತವಾಗಿ ರೂಢಿ ಮಾಡಿಸಿ. ಮೊದಲು ನಿಂತ ಕಾರಿನಲ್ಲಿ ಐದು ನಿಮಿಷ. ಮರುದಿನ ಇಂಜಿನ್ ಚಾಲು ಮಾಡಿ ಐದು ನಿಮಿಷ. ಆಮೇಲೆ ಒಂದು ಕಿಲೋಮೀಟರ್. ಮೊದಲ ನಾಲ್ಕು ಪ್ರಯಾಣ ಆಸ್ಪತ್ರೆಗೆ ಆಗದಿರಲಿ, ಆಟದ ಜಾಗಕ್ಕೋ ಅಜ್ಜಿಮನೆಗೋ ಆಗಲಿ. ಎಳೆಮರಿಗಳಿಗೆ ವಾಂತಿಯಾಗುವುದು ಸಾಮಾನ್ಯ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ಕಿಟಕಿ ಎರಡು ಬೆರಳಷ್ಟು ಇಳಿಸಿ. ತಲೆ ಹೊರಗೆ ಹಾಕಲು ಬಿಡಬೇಡಿ. ಬೆಂಗಳೂರಿಗೆ ಶಿರಾಡಿ ದಾರಿಯಲ್ಲೋ ಶಿವಮೊಗ್ಗಕ್ಕೆ ಆಗುಂಬೆ ಹತ್ತಿಯೋ ಹೋಗುವುದಾದರೆ ವಾಂತಿಯ ಮದ್ದನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ, ಮನುಷ್ಯರ ಮಾತ್ರೆ ಬೇಡ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ಬಾಗಿಲು ತೆರೆಯುವ ಮೊದಲೇ ಹಗ್ಗ ನಿಮ್ಮ ಕೈಯಲ್ಲಿರಬೇಕು. ಹೆದ್ದಾರಿ ಬದಿಯಲ್ಲಿ ಕೈತಪ್ಪಿದ ಮರಿಯನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ನಿಲ್ಲಿಸಿದ ಕಾರಿನಲ್ಲಿ ಮರಿಯನ್ನು ಬಿಟ್ಟು ಮೀನು ತರಲು ಹೋಗುವುದು, ನೆರಳೇ ಇರಲಿ, ಕಿಟಕಿ ಇಳಿಸಿಯೇ ಇರಲಿ, ಬೇಡ. ಹತ್ತೇ ನಿಮಿಷದಲ್ಲಿ ಒಳಗಿನ ಸೆಕೆ ಸುಮಾರು 10 ಡಿಗ್ರಿ ಏರುತ್ತದೆ.

ಕಾರಿಲ್ಲದವರಿಗೆ ರಿಕ್ಷಾ ಇದೆ. ಮರಿ 20 ಕಿಲೋ ಆಗುವ ತನಕ ಕಾಲ ಬಳಿ ಕೂರುತ್ತದೆ. ಚಾಲಕರನ್ನು ಮೊದಲೇ ಕೇಳಿ, ನಿಮ್ಮದೇ ಹಾಸು ಒಯ್ಯಿರಿ. ಆಮೇಲೆ ಓಮ್ನಿ, ಈಕೋದಂಥ ತಗ್ಗಿನ ಗಾಡಿ ಎಲ್ಲಕ್ಕಿಂತ ಅನುಕೂಲ. ಗೂಡ್ಸ್ ಟೆಂಪೋದ ತೆರೆದ ಹಿಂಭಾಗದಲ್ಲಿ ಕುತ್ತಿಗೆಗೆ ಹಗ್ಗ ಕಟ್ಟಿ ಒಯ್ಯುವುದನ್ನು ನೋಡಿದಾಗಲೆಲ್ಲ ನನಗೆ ಕೈಕಾಲು ತಣ್ಣಗಾಗುತ್ತದೆ. ಮರಿ ಹೊರಗೆ ಹಾರಿದರೆ ಅದೇ ಹಗ್ಗ ಉರುಳಾಗುತ್ತದೆ.

ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ (ಇಬ್ಬರ ಚಿಕ್ಕ ಕೋಣೆ) ನಿಮಗೇ ಸಿಕ್ಕಿದರೆ ಜೊತೆಯಲ್ಲಿ ಒಯ್ಯಬಹುದು. ಸ್ಲೀಪರ್, ಎಸಿ ಟು ಟಯರ್, ತ್ರೀ ಟಯರ್‌ನಲ್ಲಿ ಅವಕಾಶ ಇಲ್ಲ. ಇನ್ನೊಂದು ದಾರಿ ಬ್ರೇಕ್‌ವ್ಯಾನಿನ, ಅಂದರೆ ಗಾರ್ಡ್ ಮತ್ತು ಲಗೇಜಿನ ಡಬ್ಬಿಯ, ನಾಯಿಪೆಟ್ಟಿಗೆ. ನನ್ನ ಮಾತು ಕೇಳುವುದಾದರೆ ದೈತ್ಯ ಜಾತಿಯ ಮರಿಗೆ ಅದು ಬೇಡವೇ ಬೇಡ, ಅದರಲ್ಲಿ ತಿರುಗಿ ಮಲಗಲೂ ಕಷ್ಟ.

ನಡಿಗೆ ಎಷ್ಟು?

"ವಯಸ್ಸಿನ ತಿಂಗಳಿಗೆ ಐದು ನಿಮಿಷ" ಎಂಬ ಲೆಕ್ಕ ಬಹಳ ಕಡೆ ಕೇಳಿಬರುತ್ತದೆ. ನಾಲ್ಕು ತಿಂಗಳ ಮರಿಗೆ 20 ನಿಮಿಷ, ಹೀಗೆ. ಇದು ಯಾವ ಸಂಶೋಧನೆಯಿಂದ ಬಂದ ಸಂಖ್ಯೆಯೂ ಅಲ್ಲ, ಹಗ್ಗ ಹಿಡಿದು ಎಳೆದೊಯ್ಯುವ ನಡಿಗೆಗೆ ಒಂದು ಮಿತಿ, ಅಷ್ಟೆ. ನಿಮಿಷಕ್ಕಿಂತ ನೆಲ ಮುಖ್ಯ. 2012ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ನ್ಯೂಫೌಂಡ್‌ಲ್ಯಾಂಡ್, ಲಿಯೊನ್‌ಬರ್ಗರ್‌ನಂಥ ದೊಡ್ಡ ಜಾತಿಯ ಮರಿಗಳನ್ನು ಹುಟ್ಟಿನಿಂದ ಗಮನಿಸಿದ್ದರು. ಮೊದಲ ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚು ಕಂಡಿತು. ಮೆತ್ತನೆಯ, ಸಣ್ಣ ಏರುತಗ್ಗಿನ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದವುಗಳಲ್ಲಿ ಕಡಿಮೆ.

ಅಂಥ ನೆಲ ನಮ್ಮಲ್ಲಿ ಬೇಕಾದಷ್ಟಿದೆ. ಕೊಯ್ಲು ಮುಗಿದ ಬೈಲುಗದ್ದೆ, ತರಗೆಲೆ ಬಿದ್ದ ತೋಟ, ಗುಡ್ಡೆಯ ಹುಲ್ಲು. ಲಸಿಕೆಗಳೆಲ್ಲ ಮುಗಿದ ಮೇಲೆ, ಅಂದರೆ ಸುಮಾರು ನಾಲ್ಕು ತಿಂಗಳ ನಂತರ, ಇಲ್ಲಿ ಮರಿ ತನ್ನ ಪಾಡಿಗೆ ಮೂಸುತ್ತ, ನಿಲ್ಲುತ್ತ, ಕೂರುತ್ತ ತಿರುಗಲಿ. ಅದು ಕೂತರೆ ನೀವೂ ಕೂರಿ. ದಿನಕ್ಕೆ ಹತ್ತು ಹದಿನೈದು ನಿಮಿಷದ ಮೂರು ಸುತ್ತು, ಒಂದೇ ಸಲದ ಮುಕ್ಕಾಲು ಗಂಟೆಗಿಂತ ಒಳ್ಳೆಯದು.

ಕಡಲ ಬದಿಗೆ ಬೆಳಿಗ್ಗೆ ಆರಕ್ಕೇ ಹೋಗಿ. ಒಣ ಮರಳಿನಲ್ಲಿ ಕಾಲು ಹೂತು ಮರಿ ಬೇಗ ಸೋಲುತ್ತದೆ, ಅಲೆ ಬಂದು ಹೋದ ಒದ್ದೆ ಪಟ್ಟಿಯೇ ಒಳ್ಳೆಯದು. ಕುಡಿಯುವ ನೀರು ನಿಮ್ಮ ಕೈಯಲ್ಲಿರಲಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ ಖಂಡಿತ. ಬಲೆಯ ತುಂಡು, ಗಾಳದ ಕೊಕ್ಕೆ, ಸತ್ತ ಮೀನುಗಳ ಮೇಲೆ ಕಣ್ಣಿರಲಿ. ಚೆಂಡಿನ ಹಾಗೆ ಊದಿಕೊಳ್ಳುವ ಮೀನು ಸತ್ತು ಬಿದ್ದದ್ದನ್ನು ಕಚ್ಚಿದರೂ ಪ್ರಾಣಕ್ಕೆ ಅಪಾಯ.

ಒಂದೂವರೆ ವರ್ಷದ ತನಕ ಬೇಡವಾದ್ದು: ಸ್ಕೂಟರ್ ಅಥವಾ ಸೈಕಲ್ ಪಕ್ಕದಲ್ಲಿ ಓಡಿಸುವುದು, ಮೇಲಕ್ಕೆ ಹಾರಿ ಹಿಡಿಯುವ ಆಟ, ಚೆಂಡೆಸೆದು ಮತ್ತೆ ಮತ್ತೆ ಗಕ್ಕನೆ ತಿರುಗಿಸುವುದು, ಮಹಡಿ ಮೆಟ್ಟಿಲು. ಸ್ಕೂಟರಿನ ವಿಷಯ ಒತ್ತಿ ಹೇಳುತ್ತೇನೆ, ಏಕೆಂದರೆ ಬೆಳಗಾದರೆ ನಮ್ಮ ಒಳರಸ್ತೆಗಳಲ್ಲಿ ಅದೇ ಕಾಣುತ್ತದೆ. ಮರಿ ಖುಷಿಯಿಂದಲೇ ಓಡುತ್ತದೆ. ಯಜಮಾನನನ್ನು ಬಿಟ್ಟು ಹಿಂದೆ ಉಳಿಯುವುದು ಅದಕ್ಕೆ ಗೊತ್ತಿಲ್ಲ. ಡಾಂಬರಿನ ಮೇಲೆ ಒಂದೇ ಲಯದಲ್ಲಿ ಬೀಳುವ ಸಾವಿರಾರು ಹೆಜ್ಜೆಯ ಪೆಟ್ಟನ್ನು ಆ ಕಪ್ಪು ಗೆರೆ ತಿನ್ನುತ್ತದೆ.

ಊಟದ ಒಂದು ಗಂಟೆ ಮೊದಲು, ಎರಡು ಗಂಟೆ ನಂತರ ಓಡಾಟ ಬೇಡ. ದೊಡ್ಡ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಊದಿ ತಿರುಚಿಕೊಳ್ಳುವುದುಂಟು, ಗ್ರೇಟ್ ಡೇನ್‌ಗೆ ಅದರ ಭಯ ಎಲ್ಲಕ್ಕಿಂತ ಹೆಚ್ಚು. ಹೊಟ್ಟೆ ಬಿಗಿದು, ವಾಂತಿ ಬಾರದೆ ಬರಿದೇ ಓಕರಿಸುತ್ತಿದ್ದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ.

ಸೆಕೆ ಮತ್ತು ಮಳೆ

ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಾಳಿಯಲ್ಲೇ ನೀರು ತುಂಬಿರುವ ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಏಳೂವರೆಯೊಳಗೆ ಮನೆ ಸೇರಿ. ಅಂಗೈಯ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡ್ ಒತ್ತಲಾಗದಿದ್ದರೆ ಮರಿಯನ್ನೂ ಇಳಿಸಬೇಡಿ. ನಾಲಿಗೆ ಅಗಲವಾಗಿ ಜೋತು, ವಸಡು ಕಡುಗೆಂಪಾಗಿ, ನಡೆ ತೂರಾಡಿದರೆ ಅಲ್ಲೇ ನಿಲ್ಲಿಸಿ ಮೈಯಿಡೀ ನೀರು ಸುರಿದು ಗಾಳಿ ಹಾಕಿ. ಒದ್ದೆ ಬೈರಾಸು ಹೊದಿಸಿ ಬಿಟ್ಟರೆ ಸೆಕೆ ಒಳಗೇ ಉಳಿಯುತ್ತದೆ. ತಣಿಸಿದ ಮೇಲೆ ಡಾಕ್ಟರ ಬಳಿಗೆ.

ಜೂನ್ ಬಂತೆಂದರೆ ಅಂಗಳ ಪಾಚಿಗಟ್ಟುತ್ತದೆ. ಕಾಲು ಎರಡು ಕಡೆಗೆ ಜಾರಿದರೆ ಮರಿಯ ತೊಡೆಸಂದು ಎಳೆಯುತ್ತದೆ. ಹಿರಿಯರು ಮಾಡುತ್ತಿದ್ದಂತೆ ನಾವು ಅಡಿಕೆ ಸೋಗೆ, ತೆಂಗಿನ ಮಡಲು ಹಾಸಿ ಗೇಟಿನ ತನಕ ದಾರಿ ಮಾಡಿದ್ದೇವೆ. ಒಳಗೆ ಟೈಲ್ಸ್ ನೆಲದ ಮೇಲೆ, ಮರಿ ಓಡಾಡುವ ದಾರಿಗೆ ಗೋಣಿ ಹಾಸಿದರೂ ಸಾಕು. ಆಟಿಯ ಮಳೆ ಬಿಡದ ದಿನಗಳಲ್ಲಿ ಊಟದ ಅರ್ಧ ಭಾಗವನ್ನು ಚಾವಡಿಯ ಮೂಲೆಮೂಲೆಯಲ್ಲಿ ಅಡಗಿಸಿ ಹುಡುಕಲು ಬಿಡಿ. ಹದಿನೈದು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಚಿನ್ನು ಒಂದು ಗಂಟೆ ಮಲಗುತ್ತದೆ. ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಅದರ ಲಸಿಕೆ ಹಾಕಿಸಿ. ಹೊರಗಿಂದ ಬಂದಾಗ ಬೆರಳ ಸಂದು ಒರೆಸಿ, ಉಣ್ಣಿ ನೋಡಿ.

ಕುಂಟಿದರೆ

ಇವತ್ತು ಮುಂಗಾಲು, ಬರುವ ವಾರ ಹಿಂಗಾಲು ಎಂದು ಕುಂಟು ಕಾಲಿಂದ ಕಾಲಿಗೆ ಹೋಗುವುದು ದೊಡ್ಡ ಜಾತಿಯ ಎಳೆನಾಯಿಗಳಲ್ಲಿ ಉಂಟು, ಹೆಚ್ಚಾಗಿ ತಾನೇ ಹೋಗುತ್ತದೆ. ಆದರೆ ಮನೆಯಲ್ಲಿ ಕೂತು ಅದನ್ನು ನಿರ್ಧರಿಸಬೇಡಿ. ಒಂದು ದಿನಕ್ಕಿಂತ ಹೆಚ್ಚು ಕುಂಟಿದರೆ, ಗಂಟಿನ ಬಳಿ ಊತ ಅಥವಾ ಜ್ವರ ಇದ್ದರೆ ತೋರಿಸಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು.

"ಎಂತ ಮಾರಾಯ್ರೆ, ಇಷ್ಟು ದೊಡ್ಡ ನಾಯಿಯನ್ನು ಓಡಿಸುವುದಿಲ್ವಾ?" ಎಂದು ಪಕ್ಕದ ಮನೆಯವರು ಕೇಳುತ್ತಲೇ ಇದ್ದರು. ಚಿನ್ನುವಿಗೆ 20 ತಿಂಗಳಾದಾಗ ಮತ್ತೊಮ್ಮೆ ಎಕ್ಸ್‌ರೇ ತೆಗೆಸಿದೆವು. ಕಪ್ಪು ಗೆರೆ ಇದ್ದ ಜಾಗದಲ್ಲಿ ಎಲುಬು ಬೆಳ್ಳಗೆ ಕೂಡಿಕೊಂಡಿತ್ತು. ಆ ವಾರ ಕಾಪು ದೀಪಸ್ತಂಭದ ಬದಿಯ ಒದ್ದೆ ಮರಳಿನಲ್ಲಿ ಐದು ನಿಮಿಷ ಜೊತೆಗೆ ಓಡಿದೆ. ಮುಂದಿನ ವಾರ ಏಳು ನಿಮಿಷ. ಈಗ ಅರ್ಧ ಗಂಟೆಗೆ ಬಂದಿದೆ, ಹಲಗೆ ಮಾತ್ರ ಈಗಲೂ ಕಾರಿನಲ್ಲೇ ಇದೆ.