ಮುಕ್ತ ಸಾಮಗ್ರಿಯಿಂದಲೇ ಸ್ಪ್ಯಾನಿಷ್ ಕೋರ್ಸ್ ಕಟ್ಟಿದೆ: ನನ್ನ ಅನುಭವ

ಹೋದ ಸಲ ನನ್ನ ಬ್ಯಾಚಿನಿಂದ ಡೆಲೆ ಎ1 (ಸ್ಪ್ಯಾನಿಷ್ ಭಾಷೆಯ ಸರ್ಟಿಫಿಕೇಟ್ ಪರೀಕ್ಷೆ, ಮೊದಲ ಮಟ್ಟ) ಬರೆದವರು ಹದಿನೈದು ಜನ ಇರಬಹುದು. ಹನ್ನೆರಡೋ ಹದಿಮೂರೋ ಮಂದಿ ಪಾಸಾದರು. ಹೆಚ್ಚಿನವರು ಮೈಸೂರು, ಮಂಡ್ಯ, ಹಾಸನದ ಕಡೆಯ ಬಿ.ಕಾಂ. ಮಕ್ಕಳು. ಯಾರೂ ಒಂದು ಪಠ್ಯಪುಸ್ತಕ ಕೊಂಡಿಲ್ಲ. ಇಡೀ ಆನ್‌ಲೈನ್ ಕೋರ್ಸನ್ನು ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ, ಸಾಮಗ್ರಿಯಿಂದಲೇ ಕಟ್ಟಿದ್ದೇನೆ. ಶುರು ಮಾಡುವಾಗ ಜೊತೆಯ ಟೀಚರ್ ಒಬ್ಬರು "ಮೇಡಂ, ಬಿಟ್ಟಿ ಸಿಕ್ಕಿದ್ದನ್ನೆಲ್ಲ ಸೇರಿಸಿ ಹೊಲಿದರೆ ಕೌದಿ ಆಗುತ್ತೆ, ಕೋರ್ಸ್ ಆಗಲ್ಲ" ಅಂದಿದ್ದರು. ಈಗ ಅವರೇ ನನ್ನ ಪಾಠಗಳನ್ನು ಕೇಳಿ ಪಡೆದಿದ್ದಾರೆ.

ಸ್ಪೇನಿನಿಂದ ಬರುವ ಪುಸ್ತಕ, ಅದರ ಅಭ್ಯಾಸ ಪುಸ್ತಕ ಎರಡೂ ಸೇರಿ ತಲೆಗೆ ಎರಡು ಸಾವಿರ ದಾಟುತ್ತಿತ್ತು. ಪುಟ ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಹಾಕೋದು ನನಗೆ ಒಪ್ಪಿಗೆಯಿಲ್ಲ. ಬಿಟ್ಟಿ ಇದ್ದದ್ದೆಲ್ಲ ಮುಕ್ತವೂ ಅಲ್ಲ. ಸ್ಪ್ಯಾನಿಷ್ ಕಲಿಸುವ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಜಾಲತಾಣ ವರ್ಚುವಲ್ ಸೆಂಟರ್ ಓದೋಕೆ ಎಲ್ಲರಿಗೂ ತೆರೆದಿದೆ, ಆದರೆ ಕತ್ತರಿಸಿ ನಮ್ಮ ಪಾಠಕ್ಕೆ ಸೇರಿಸುವ ಹಾಗಿಲ್ಲ. ಎಂಐಟಿಯ ಓಪನ್‌ಕೋರ್ಸ್‌ವೇರ್ ಹಂಚಿ ಬಳಸೋಕೆ ಬಿಡುವ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್‌ನದೇ, ಆದರೆ ಅದರಲ್ಲಿ ಎನ್‌ಸಿ (ದುಡ್ಡು ಮಾಡೋಕೆ ಬಳಸಬಾರದು ಅನ್ನೋ) ಷರತ್ತಿದೆ. ನಾನು ಫೀಸ್ ತಗೊಳ್ತೀನಿ. ಆ ತಂಟೆಯೇ ಬೇಡ ಅಂತ ಎನ್‌ಸಿ ಇದ್ದದ್ದಕ್ಕೆ ಬರೀ ಲಿಂಕ್ ಕೊಟ್ಟೆ. ಕೋರ್ಸಿನ ಒಳಗೆ ಬಂದದ್ದು ಸಾರ್ವಜನಿಕ ಸ್ವತ್ತು, ಬಿವೈ (ಮೂಲದ ಹೆಸರು ಹೇಳಬೇಕು), ಬಿವೈ-ಎಸ್ಎ (ಹೆಸರು ಹೇಳಿ, ಅದೇ ಪರವಾನಗಿಯಲ್ಲೇ ಹಂಚಬೇಕು) ಮಾತ್ರ. ಈ ಜರಡಿ ಹಿಡಿಯೋಕೇ ಎರಡು ತಿಂಗಳ ಹತ್ತಿರ ಹೋಯಿತು.

ಬೆನ್ನೆಲುಬಾಗಿ ನಿಂತದ್ದು ಎಫ್ಎಸ್ಐ (ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್) ಸ್ಪ್ಯಾನಿಷ್ ಕೋರ್ಸ್. ಅಮೆರಿಕ ಸರ್ಕಾರ ತನ್ನ ರಾಯಭಾರ ಸಿಬ್ಬಂದಿಗಾಗಿ 1950ರ ದಶಕದಲ್ಲಿ ಮಾಡಿಸಿದ್ದು, ಹಾಗಾಗಿ ಹಕ್ಕಿನ ಗೊಡವೆಯಿಲ್ಲ. ಆದರೆ ಇದ್ದ ಹಾಗೇ ಕೊಟ್ಟರೆ ಯಾರೂ ಕೂರಲ್ಲ. ಮೊದಲ ಬ್ಯಾಚಿಗೆ ಹಾಗೇ ಕೊಟ್ಟಿದ್ದೆ. ಮೂರನೇ ವಾರಕ್ಕೆ ಅರ್ಧ ಜನ ಬಿಟ್ಟರು. ಹಳೇ ಟೇಪಿನ ಶಬ್ದ, ಒಂದೇ ಮಾದರಿಯ ವಾಕ್ಯ ಮತ್ತೆ ಮತ್ತೆ ಹೇಳಿಸುವ, ಎಂದೂ ಮುಗಿಯದ ಡ್ರಿಲ್, ರಾಯಭಾರ ಕಚೇರಿಯ ಮಾತುಕತೆ. ಆದರೆ ಆ ಡ್ರಿಲ್‌ಗಳಷ್ಟು ಗಟ್ಟಿ ಸರಕು ಬೇರೆಲ್ಲೂ ಸಿಗಲ್ಲ. ಅದಕ್ಕೇ ಬಿಡದೆ ಹಿಡಿದೆ.

ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಒಂದೊಂದೇ ಡ್ರಿಲ್ ತೆಗೆದು ಕತ್ತರಿಸಿದೆ. ಯಾರೂ ಮಾತಾಡದ ಅರ್ಧ ಸೆಕೆಂಡು ಹಿಡಿದು, ಅದನ್ನು ಶಬ್ದದ ಮಾದರಿಯಾಗಿ ಕೊಟ್ಟು, ಇಡೀ ಡ್ರಿಲ್ಲಿಗೆ ನಾಯ್ಸ್ ರಿಡಕ್ಷನ್ (ಶಬ್ದ ತಗ್ಗಿಸುವುದು) ಹಾಕಿದೆ. ಜಾಸ್ತಿ ಕೊಟ್ಟರೆ ದನಿ ಡಬ್ಬದೊಳಗಿಂದ ಬಂದ ಹಾಗಾಗಿ 'ಎಸ್' ಸದ್ದೇ ಮಾಯವಾಗುತ್ತೆ. ಬಹುವಚನವೇ 'ಎಸ್' ಮೇಲೆ ನಿಂತ ಭಾಷೆಗೆ ಅದು ನಡೆಯಲ್ಲ. ಹಾಗಾಗಿ ಸ್ವಲ್ಪ ಶಬ್ದ ಉಳಿಸಿದೆ. ವಾಕ್ಯದ ನಂತರ ಉತ್ತರ ಹೇಳೋಕೆ ಬಿಟ್ಟಿರುವ ಜಾಗ ನಮ್ಮ ಮಕ್ಕಳಿಗೆ ಸಾಲಲ್ಲ. ಅಲ್ಲಿ ಒಂದೊಂದು ಸೆಕೆಂಡಿನಷ್ಟು ಮೌನ ಸೇರಿಸಿದೆ. ಅಷ್ಟೇ ಮಾಡಿದ್ದಕ್ಕೆ ಮಕ್ಕಳು ಬಾಯಿಬಿಟ್ಟು ಹೇಳೋಕೆ ಶುರು ಮಾಡಿದರು. ಇಂದಿನ ಜನರ ಮಾತಿಗೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದವರ ಸ್ಪ್ಯಾನಿಷ್ ಪ್ರೊಫಿಶಿಯೆನ್ಸಿ ಎಕ್ಸರ್ಸೈಸಸ್ ವಿಡಿಯೊಗಳಿವೆ. ಬೇರೆ ಬೇರೆ ದೇಶದವರು ಒಂದೇ ವಿಷಯ ಹೇಳ್ತಾರೆ. ಕೇಳಿ ಉತ್ತರಿಸುವ ಪರೀಕ್ಷೆಗೆ ಅದರಂಥ ತಯಾರಿ ಇನ್ನೊಂದಿಲ್ಲ.

ನಿಜವಾಗಿ ಕೋರ್ಸ್ ಕುದುರಿದ್ದು ಪಾಠದ ಕ್ರಮ ಬದಲಾಯಿಸಿದ ಮೇಲೆ. ಈ ಸಾಮಗ್ರಿಯೆಲ್ಲ ಇಂಗ್ಲಿಷ್ ಮಾತಾಡುವವರಿಗೆ ಬರೆದದ್ದು. 'ಇಷ್ಟವಾಗು' ಅನ್ನೋ ಅರ್ಥದ ಗುಸ್ತಾರ್ ಕ್ರಿಯಾಪದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತೆ. ಕನ್ನಡದವರಿಗೆ 'ಮೆ ಗುಸ್ತಾ ಎಲ್ ಕಾಫೆ' ಅಂದರೆ 'ನನಗೆ ಕಾಫಿ ಇಷ್ಟ', 'ಮೆ ದುಯೆಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯ್ತಿದೆ'. ಹತ್ತು ನಿಮಿಷದ ಪಾಠ. ಅದನ್ನು ಎರಡನೇ ವಾರಕ್ಕೇ ತಂದೆ. ತೂ, ಉಸ್ತೆದ್ ನಮಗೆ ನೀನು, ನೀವು. ಪ, ತ, ಕ ಉಚ್ಚಾರಣೆಯ ಪಾಠ ಪೂರ್ತಿ ತೆಗೆದೆ, ನಮ್ಮ ಬಾಯಲ್ಲಿ ಅವು ಮೊದಲೇ ಸರಿಯಾಗಿವೆ. ಉಳಿದ ಸಮಯವನ್ನೆಲ್ಲ ಪದಗಳ ಲಿಂಗಕ್ಕೆ ಸುರಿದೆ. ಕನ್ನಡದಲ್ಲಿ ಮೇಜು, ಪುಸ್ತಕ ಎರಡೂ 'ಅದು'. ಅಲ್ಲಿ ಮೇಜು ಸ್ತ್ರೀಲಿಂಗ 'ಲಾ ಮೇಸಾ', ಪುಸ್ತಕ ಪುಲ್ಲಿಂಗ 'ಎಲ್ ಲೀಬ್ರೊ'. ಸೇರ್ ಮತ್ತು ಎಸ್ತಾರ್ (ಎರಡೂ 'ಇರು' ಅನ್ನೋ ಅರ್ಥದ ಕ್ರಿಯಾಪದ) ಪಾಠವನ್ನು ಯಾವ ಕ್ರಮದಲ್ಲಿ ಒಡೆದು ಹಂಚಿದ್ದೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳೋಕೆ ಮೂರು ಬ್ಯಾಚ್ ಬೇಕಾಯಿತು.

ಹೀಗೆ ಕತ್ತರಿಸೋಕೆ, ಹಿಂದುಮುಂದು ಮಾಡೋಕೆ ಪರವಾನಗಿಯಲ್ಲೇ ಅನುಮತಿ ಇದೆ. ದುಡ್ಡು ಉಳಿದದ್ದಕ್ಕಿಂತ ನನಗೆ ಇದೇ ದೊಡ್ಡದು. ಕೊಂಡ ಪುಸ್ತಕದಲ್ಲಿ ಐದನೇ ಪಾಠವನ್ನು ಎರಡನೆಯದು ಮಾಡಿ ಅಚ್ಚು ಹಾಕೋಕೆ ಆಗುತ್ತಾ?

ಆನ್‌ಲೈನ್ ಪಾಠ ನಡೆಸುವ ತಂತ್ರಾಂಶ ಮೂಡಲ್‌ನಲ್ಲಿ ಕೈ ಸುಟ್ಟಿತು. ಅಗ್ಗದ ಶೇರ್ಡ್ ಹೋಸ್ಟಿಂಗ್ ಮೇಲೆ ಹಾಕಿದ್ದೆ. ಮೂವತ್ತು ಜನ ಒಟ್ಟಿಗೆ ಕ್ವಿಜ್ ತೆರೆದಾಗ ಸೈಟ್ ಕೂತುಬಿಟ್ಟಿತು. ಸರ್ವರ್ ದೊಡ್ಡದು ಮಾಡಿ, ತಿಂಗಳಿಗೆ ಎರಡೂವರೆ ಸಾವಿರ ಕೊಡಿ ಅಂದರು ಹೋಸ್ಟಿಂಗ್ ಕಂಪನಿಯವರು. ಬದಲಿಗೆ ಎಚ್5ಪಿ (ಕ್ವಿಜ್‌ನಂಥ ಸಂವಾದದ ಅಭ್ಯಾಸ) ಪಾಠಗಳನ್ನು ಲೂಮಿ ತಂತ್ರಾಂಶದಲ್ಲಿ ಮಾಡಿ ಎಚ್‌ಟಿಎಂಎಲ್ ಕಡತವಾಗಿ ತೆಗೆದು ಸುಮ್ನೆ ಪುಟಗಳಾಗಿ ಇಟ್ಟೆ. ಹಳ್ಳಿಯ ನೆಟ್‌ವರ್ಕಿನಲ್ಲೂ ಮೊಬೈಲ್‌ನಲ್ಲಿ ತೆರೆಯುತ್ತೆ. ಅಂಕ ತಾನಾಗಿ ದಾಖಲಾಗಲ್ಲ, ಮಕ್ಕಳು ಸ್ಕ್ರೀನ್‌ಶಾಟ್ ಕಳಿಸ್ತಾರೆ. ನನಗೆ ಅಷ್ಟು ಸಾಕು.

ನಡುವೆ ಒಂದೆರಡು ಪ್ರಯೋಗಗಳೂ ಆದವು. ಅನುವಾದ ಸಮೇತ ವಾಕ್ಯಗಳ ಜಾಲತಾಣ ಟಟೋಯಬಾದ ವಾಕ್ಯಗಳನ್ನು ನೆನಪಿನ ಕಾರ್ಡುಗಳ ತಂತ್ರಾಂಶ ಆಂಕಿಗೆ ಹಾಕಿದೆ. ಯಾರು ಬೇಕಾದರೂ ಬರೆಯುವ ಜಾಗ ಅದು, ಸ್ಪ್ಯಾನಿಷ್ ಮಾತೃಭಾಷೆಯವರು ಬರೆದದ್ದನ್ನೇ ಆರಿಸಬೇಕು. ಕನ್ನಡ ಅನುವಾದ ತೀರಾ ಕಡಿಮೆ ಇದ್ದದ್ದರಿಂದ ಮಕ್ಕಳೇ ಬರೆದರು, ಆರೇಳು ನೂರು ಕಾರ್ಡ್ ಆಯಿತು. ಸ್ಪ್ಯಾನಿಷ್ ವಿಕಿಪೀಡಿಯಾದ ಹಂಪಿ ಲೇಖನವನ್ನು ಎ1ರ ಮುಂದಿನ ಎ2 ಮಟ್ಟಕ್ಕೆ ಇಳಿಸಿ ಓದಿಸಿದೆ. ಗೊತ್ತಿದ್ದ ಜಾಗದ ಬಗ್ಗೆ ಓದುವಾಗ ಗೊತ್ತಿಲ್ಲದ ಪದಕ್ಕೆ ಹುಡುಗರು ಹೆದರಲಿಲ್ಲ. ಲಿಬ್ರಿವಾಕ್ಸ್‌ನ (ಬಿಟ್ಟಿ ಆಡಿಯೊ ಪುಸ್ತಕಗಳ ಜಾಲತಾಣ) ಕಥೆಗಳು ಮಾತ್ರ ಈ ಮಟ್ಟಕ್ಕೆ ಭಾರ. ನಿಧಾನ ಮಾಡಿ ಕೇಳಿಸಿದರೂ ದಕ್ಕಲಿಲ್ಲ.

ಒಟ್ಟು ಖರ್ಚು: ಮೈಕ್ ಮೂರು ಸಾವಿರದೊಳಗೆ, ಡೊಮೇನ್, ಹೋಸ್ಟಿಂಗ್ ವರ್ಷಕ್ಕೆ ನಾಲ್ಕು ಸಾವಿರದಷ್ಟು. ಎಲ್ಲ ಪಾಠ ಓದಿ ತಿದ್ದಿದ ಕೊಲಂಬಿಯಾದ ಗೆಳತಿಗೆ ಹನ್ನೆರಡು ಸಾವಿರ. ಆ ದುಡ್ಡಿಗೆ ಕೈ ಬಿಗಿ ಹಿಡಿಯಬೇಡಿ. ಇದೇ ಕೋರ್ಸ್ ಮಾಡಿಕೊಡೋಕೆ ಒಬ್ಬರು ಒಂದೂವರೆ ಲಕ್ಷ ಕೇಳಿದ್ದರು.

ನಾನು ಫೀಸ್ ತಗೊಳ್ಳೋದು ಲೈವ್ ಕ್ಲಾಸಿಗೆ, ಬರವಣಿಗೆ ತಿದ್ದುವುದಕ್ಕೆ, ಮಾತಿನ ಅಭ್ಯಾಸಕ್ಕೆ. ವಿಕಿಪೀಡಿಯಾದಿಂದ ಕಟ್ಟಿದ ಓದಿನ ಪಾಠಗಳನ್ನು ಬಿವೈ-ಎಸ್ಎ ಅಡಿಯಲ್ಲೇ ಬಿಟ್ಟಿದ್ದೇನೆ. ತಗೊಂಡು ತಿದ್ದಿ ಕಲಿಸುವವರು ಮೂಲದ ಹೆಸರು ಉಳಿಸಿಕೊಳ್ಳಿ, ಹಂಚುವಾಗ ಇದೇ ಪರವಾನಗಿಯಲ್ಲೇ ಹಂಚಿ.