ಜಠರ ತೆಗೆದ ಮೇಲೆ ರಕ್ತ ಕಾಯ್ದುಕೊಳ್ಳುವುದು ಹೇಗೆ?

ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದು, ಮತ್ತೆ ಹೊಲ ಮನೆ ಅಂತ ಓಡಾಡುತ್ತಿರುವವರಿಗೇ ಈ ಲೇಖನ. ಎಲ್ಲ ಸರಿಹೋಯ್ತು ಅನ್ನಿಸುವ ಹೊತ್ತಿಗೇ, ರಕ್ತ ಹುಟ್ಟಲು ಬೇಕಾದ ವಿಟಮಿನ್ ಬಿ12ರ ಕೊರತೆ ತಲೆ ಎತ್ತುತ್ತದೆ. ಊಟದಲ್ಲಿರುವ ಬಿ12 ಮೈಗೆ ಹತ್ತಬೇಕಾದರೆ ಜಠರದಲ್ಲಿ ಹುಟ್ಟುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಬೇಕು. ಜಠರ ಪೂರ್ತಿ ತೆಗೆದರೆ ಅದೂ ಹೋಯಿತು. ಲಿವರ್‌ನಲ್ಲಿ ಕೂಡಿಟ್ಟದ್ದರ ಮೇಲೆ ಕೆಲವು ವರ್ಷ ನಡೆಯುತ್ತದೆ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಇಂಜೆಕ್ಷನ್. ಸಾಮಾನ್ಯವಾಗಿ 1000 ಮೈಕ್ರೋಗ್ರಾಂ, ಔಷಧಿ ಯಾವುದು ಅನ್ನುವುದರ ಮೇಲೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ, ಜೀವನಪೂರ್ತಿ. ಕೆಲವರಿಗೆ ಡಾಕ್ಟರು ದಿನಾ ನುಂಗುವ ಹೆಚ್ಚು ಡೋಸಿನ ಮಾತ್ರೆ ಕೊಡುತ್ತಾರೆ. ಜಠರದ ಒಂದು ಭಾಗ ಮಾತ್ರ ತೆಗೆದಿದ್ದರೆ ಟೆಸ್ಟ್ ನೋಡಿ ಹೇಳುತ್ತಾರೆ. ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಇಂಜೆಕ್ಷನ್‌ಗಾಗಿ ಪ್ರತಿಸಲ ಬಳ್ಳಾರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಿಲ್ಲ, ಡಾಕ್ಟರ ಚೀಟಿ ತೋರಿಸಿ ಹತ್ತಿರದಲ್ಲೇ ಹಾಕಿಸಿಕೊಳ್ಳಬಹುದಾ ಅಂತ ಕೇಳಿ.

ಎರಡನೆಯದು ರಕ್ತದ ರಿಪೋರ್ಟ್. ಇಲ್ಲಿ ಬಹಳ ಮಂದಿ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಹಾಳೆ ಮಡಚಿಡುತ್ತಾರೆ. ಅದರ ಕೆಳಗೆ ಎಂಸಿವಿ ಅಂತ ಇರುತ್ತದೆ, ರಕ್ತದ ಕೆಂಪು ಕಣದ ಸರಾಸರಿ ಗಾತ್ರ ಅದು, 80ರಿಂದ 100ರೊಳಗೆ ಇರಬೇಕು. ಕಬ್ಬಿಣ ಕಮ್ಮಿಯಾದರೆ ಕಣ ಸಣ್ಣದಾಗುತ್ತದೆ, ಬಿ12 ಕಮ್ಮಿಯಾದರೆ ದೊಡ್ಡದಾಗುತ್ತದೆ. ಎರಡೂ ಒಟ್ಟಿಗೆ ಕಮ್ಮಿಯಾದರೆ? ಸರಾಸರಿ 90ರ ಹತ್ತಿರ ಬಂದು ನಿಲ್ಲಬಹುದು, ಎಲ್ಲ ನಾರ್ಮಲ್ ಅನ್ನಿಸಿಬಿಡುತ್ತದೆ. ಅದಕ್ಕೇ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಫೋಲೇಟ್ (ಫೋಲಿಕ್ ಆಸಿಡ್) ಟೆಸ್ಟ್ ಬೇರೆ ಬೇರೆ ಮಾಡಿಸಬೇಕು. ಮೂಳೆಗೋಸ್ಕರ ವಿಟಮಿನ್ ಡಿ ಕೂಡ. ಇನ್ನೊಂದು ಮಾತು: ರಕ್ತ ಕಮ್ಮಿ ಅಂತ ಸುಮ್ನೆ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ನುಂಗಬೇಡಿ. ಹಿಮೋಗ್ಲೋಬಿನ್ ಏರಬಹುದು, ಆದರೆ ಬಿ12 ಇಲ್ಲದೆ ನರ ಒಳಗೊಳಗೇ ಕೆಡುತ್ತಿರುತ್ತದೆ.

ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ತಗೊಂಡರೆ ಅರ್ಧಕ್ಕರ್ಧ ದಂಡ. ಜಠರದ ಹುಳಿ (ಆಸಿಡ್) ಇಲ್ಲದ ಹೊಟ್ಟೆಯಲ್ಲಿ ಕಬ್ಬಿಣ ಮೊದಲೇ ಸರಿಯಾಗಿ ಹತ್ತುವುದಿಲ್ಲ ಅಲ್ವಾ, ಹಾಗಾಗಿ ನಿಂಬೆರಸದ ನೀರಿನ ಜೊತೆ ನುಂಗಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಮಾತ್ರೆಯಿಂದ ಆಗದಿದ್ದರೆ ಡ್ರಿಪ್ಪಿನಲ್ಲಿ ಕೊಡುತ್ತಾರೆ, ಹೆದರಬೇಡಿ.

ಊಟ ದಿನಕ್ಕೆ ಆರೆಂಟು ಸಲ, ಸ್ವಲ್ಪ ಸ್ವಲ್ಪ. ಖಡಕ್ ರೊಟ್ಟಿ ಬೇಡ. ಬಿಸಿ ಜೋಳದ ರೊಟ್ಟಿ ಅರ್ಧ ಮುರಿದು, ಬೇಳೆ ಹಾಕಿದ ಪುಂಡಿಪಲ್ಯದಲ್ಲಿ ನೆನೆಸಿ, ಬಾಯಲ್ಲೇ ಹಿಟ್ಟಾಗುವ ಹಾಗೆ ಅಗಿಯಿರಿ. ಮೊಟ್ಟೆ, ಮೊಸರು, ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ ಇವೆಲ್ಲ ಆಗುತ್ತವೆ. ನೀರು, ಮಜ್ಜಿಗೆ ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಆದರೆ ನಮ್ಮ ರಾಯಚೂರಿನ ಬಿಸಿಲಲ್ಲಿ ಕುಡಿಯುವುದನ್ನೇ ಮರೆಯಬೇಡಿ. ಜಾತ್ರೆಯ ಮಾದಲಿ, ಹಬ್ಬದ ಹೋಳಿಗೆ ಒಂದು ಚೂರು ಸಾಕು. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುತ್ತದೆ, ಭೇದಿ ಆಗಬಹುದು. ಒಂದರಿಂದ ಮೂರು ಗಂಟೆಯ ನಂತರ ರಕ್ತದಲ್ಲಿ ಸಕ್ಕರೆ ಕಮ್ಮಿಯಾಗಿ ಬೆವರು, ನಡುಕ ಬರುವುದೂ ಉಂಟು.

ಅಂಗಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ತೂಕ ಇಳಿಯುತ್ತಲೇ ಇರುವುದು, ಡಾಂಬರಿನಂತೆ ಅಂಟುವ ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಚೆಕಪ್ ತಾರೀಖಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಎಷ್ಟು ಜಠರ ತೆಗೆದಿದ್ದಾರೆ ಅನ್ನುವುದು ಅದರಲ್ಲಿರುತ್ತದೆ.