ಹಳೇ ಮಾರುತಿ ನೀರು ಕುಡೀತಿದ್ರೆ ಏನು ಮಾಡೋದು?

ನಮ್ಮ ಮನೆಯ ಮಾರುತಿ 800 ಗಾಡಿ 1997ನೇ ಇಸವಿಯದ್ದು. ಅಪ್ಪಯ್ಯ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ಮೂರು ಸಿಲಿಂಡರ್, 796 ಸಿಸಿ, ಏಸಿ ಇಲ್ಲ. ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅದಕ್ಕೊಂದು ಚಾಳಿ ಶುರುವಾಯಿತು. ವಾರಕ್ಕೆ ಅರ್ಧ ಲೀಟರ್ ನೀರು ಕುಡಿಯುವುದು. ವಿಚಿತ್ರ ಅಂದರೆ ಅಂಗಳದಲ್ಲಿ ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ. ನಾನೂ ಬೆಳಿಗ್ಗೆ ಹಾಲಿನ ಪಾತ್ರೆ ತೊಳೆದಷ್ಟೇ ಸಲೀಸಾಗಿ ರೇಡಿಯೇಟರಿಗೆ ಒಂದು ಚೊಂಬು ನೀರು ಹುಯ್ದು ಹೊರಡುತ್ತಿದ್ದೆ.

ಆಗುಂಬೆ ಘಾಟಿ ಅದಕ್ಕೆ ಒಪ್ಪಲಿಲ್ಲ. ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುವಾಗ ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹಿಮ್ಮುರಿ ತಿರುವು. ಮುಂದೆ ಲಾರಿ, ಎರಡನೇ ಗೇರು, ಗಾಳಿ ಇಲ್ಲ. ಒಂಬತ್ತನೇ ತಿರುವಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಮೇಲೇರಿತು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿದೆ. ಒಳಗೆ ಕುಳಿತವರಿಗೆ ಬೇಯಿಸಿದ ಹಾಗಾಗುತ್ತದೆ, ಆದರೆ ಇಂಜಿನ್ನಿನ ಒಂದಷ್ಟು ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಸೂಜಿ ಸ್ವಲ್ಪ ಇಳಿಯಿತು. ಆಮೇಲೆ ದಿಢೀರನೆ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಅತ್ತಿಗೆ "ಸರಿಯಾಯ್ತಲ್ಲ" ಅಂದರು. ಸರಿಯಾಗಿರಲಿಲ್ಲ. ಸೂಜಿಗೆ ಸುದ್ದಿ ಕೊಡುವ ಸೆನ್ಸರ್ ನೀರಲ್ಲಿ ಮುಳುಗಿರಬೇಕು. ನೀರೇ ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ. ಹತ್ತುವ ದಾರಿಯಲ್ಲಿ ಸೂಜಿ ಹೀಗೆ ಬಿದ್ದರೆ ಅಲ್ಲೇ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ನಾವು ಮುಕ್ಕಾಲು ಗಂಟೆ ಕುಳಿತೆವು. ಮಂಗಗಳು ನಮ್ಮ ಬಾಳೆಹಣ್ಣು ಮುಗಿಸಿದವು.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಬಾನೆಟ್ ಎತ್ತಿ ಹತ್ತು ಸೆಕೆಂಡ್ ನೋಡಿದ. "ಅಕ್ಕಾ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ ಬಿಚ್ಚಬೇಕು, ಹನ್ನೆರಡು ಸಾವಿರ ಆಗುತ್ತೆ" ಅಂದ. ಹೆಡ್ ಗ್ಯಾಸ್ಕೆಟ್ ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಮೈಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ, ನೀರೂ ಹೊಗೆಯೂ ಬೆರೆಯದಂತೆ ತಡೆಯುವ ಹಾಳೆ. ಅವನು ರೇಡಿಯೇಟರ್ ಕ್ಯಾಪ್ ಕೂಡ ತೆಗೆದು ನೋಡಿರಲಿಲ್ಲ. ಆಮೇಲೆ ಬರುತ್ತೇನೆ ಅಂತ ಹೇಳಿ ಮನೆಗೆ ಬಂದೆ. ಒಂದು ಭಾನುವಾರ ಕುಳಿತು ನಾನೇ ಹುಡುಕಿದೆ. ಹೇಗೆ ಹುಡುಕಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಜೀವದ ಮಾತು. ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಬಟ್ಟೆ ಸುತ್ತಿಕೊಂಡೂ ಬೇಡ. ಅದು ಕುಕ್ಕರ್ ಇದ್ದ ಹಾಗೆ. ಕ್ಯಾಪಿನ ಮೇಲೆ 0.9 ಅಂತ ಬರೆದಿರುತ್ತದೆ, ನೋಡಿ. ಅಷ್ಟು ಒತ್ತಡ ಇರುವಾಗ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 118ರ ಹತ್ತಿರ ಹೋಗಬೇಕು. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ಎಲ್ಲ ನೀರೂ ಒಟ್ಟಿಗೆ ಕುದಿದು ಮುಖಕ್ಕೆ ಬರುತ್ತದೆ. ಮೇಲಿನ ಹೋಸ್ ಪೈಪ್ ಮುಟ್ಟಿ ನೋಡಿ. ಅದು ತಣ್ಣಗಾಗಿ, ಹಿಸುಕಿದರೆ ಮೆತ್ತಗಿದ್ದರೆ ಮಾತ್ರ ಕ್ಯಾಪಿಗೆ ಕೈ ಹಾಕಿ.

ಹುಡುಕುವ ಕೆಲಸ ಕ್ಯಾಪಿನಿಂದಲೇ ಶುರು. ಅದರಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಜಾಸ್ತಿಯಾದಾಗ ನೀರನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಬಿಡುತ್ತದೆ. ನಡುವಿನ ಪುಟ್ಟದು ತಣ್ಣಗಾದಾಗ ಅದೇ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ. ಈ ಪುಟ್ಟದು ಕೆಟ್ಟರೆ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಡಬ್ಬಿ ನೋಡಿ "ನೀರು ಇದೆ" ಅಂತ ಹೊರಡುವವರು ಮೋಸ ಹೋಗುವುದು ಇಲ್ಲೇ. ಹಾಗಾಗಿ ತಣ್ಣಗಿರುವಾಗ ಎರಡನ್ನೂ ನೋಡಿ. ಕ್ಯಾಪಿನ ರಬ್ಬರ್ ಬಿರಿದಿದ್ದರೆ, ಗಟ್ಟಿಯಾಗಿದ್ದರೆ, ಸುಮ್ನೆ ಯೋಚಿಸದೆ ಹೊಸದು ಹಾಕಿ, ಅದೇ 0.9ರದ್ದು. ಲೀಕ್ ಇರುವಾಗ ಹಾಕಬಹುದಾದ ಅಗ್ಗದ ಸಾಮಾನು ಇದೊಂದೇ.

ನನ್ನ ಕ್ಯಾಪ್ ಚೆನ್ನಾಗಿತ್ತು. ಒಳಗಿನ ನೀರು ಚೆನ್ನಾಗಿರಲಿಲ್ಲ. ಬೆರಳು ಅದ್ದಿದರೆ ಕೆಮ್ಮಣ್ಣಿನ ಬಣ್ಣ. ಅದು ಬ್ಲಾಕಿನ, ಅಂದರೆ ಇಂಜಿನ್ನಿನ ಕಬ್ಬಿಣದ ಮೈಯ, ತುಕ್ಕು. ಅಪ್ಪಯ್ಯ ಇಪ್ಪತ್ತು ವರ್ಷ ಅಬ್ಬಿ ನೀರನ್ನೇ ಹಾಕಿದ್ದರು. "ಇಷ್ಟು ಒಳ್ಳೆ ನೀರು ಯಾವ ಕಂಪನಿಗೂ ಮಾಡಕ್ಕಾಗಲ್ಲ" ಅನ್ನುತ್ತಿದ್ದರು. ಕುಡಿಯಲು ನಿಜ. ನಮ್ಮ ಮಲೆನಾಡಿನ ನೀರು ಮೆದು, ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಬಿಳಿ ಚಕ್ಕೆ ಕಟ್ಟುವುದಿಲ್ಲ. ಆದರೆ ಕಬ್ಬಿಣ ತುಕ್ಕು ಹಿಡಿಯಲು ಯಾವ ನೀರಾದರೂ ಸಾಕು. ಕೂಲೆಂಟ್ ಇರುವುದು ಬರೀ ತಂಪು ಮಾಡಲಿಕ್ಕಲ್ಲ. ತುಕ್ಕು ತಡೆಯುವ ಔಷಧಿ ಅದರಲ್ಲಿರುತ್ತದೆ. ನಮ್ಮ ಗಾಡಿಗೆ ಬಂದ ಕಾಯಿಲೆ ಅಲ್ಲಿಂದಲೇ.

ಆಮೇಲೆ ಹನಿ ಹುಡುಕುವುದು. ರಾತ್ರಿ ಗಾಡಿ ಅಡಿಗೆ ನಾಲ್ಕು ಅಡಿಕೆ ಹಾಳೆ ಬಿಡಿಸಿ ಹಾಕಿದೆ. ನಿಮ್ಮಲ್ಲಿ ಹಾಳೆ ಇಲ್ಲದಿದ್ದರೆ ರಟ್ಟು ಆಗುತ್ತದೆ. ಬೆಳಿಗ್ಗೆ ಹನಿ ಬಿದ್ದಿದ್ದರೆ ಮುಟ್ಟಿ ನೋಡಿ. ಕೂಲೆಂಟ್ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ, ಬಣ್ಣ ಇರುತ್ತದೆ. ನೆಕ್ಕಬೇಡಿ, ವಿಷ. ಏಸಿ ಇರುವ ಗಾಡಿಯ ಕೆಳಗೆ ಬೀಳುವ ತಿಳಿನೀರು ಲೀಕ್ ಅಲ್ಲ. ನನ್ನ ಹಾಳೆ ಮೂರು ದಿನವೂ ಒಣಗೇ ಇತ್ತು.

ಹನಿ ಬೀಳದೆ ನೀರು ಹೋಗುತ್ತಿದ್ದರೆ ಉಳಿಯುವುದು ಮೂರು ದಾರಿ. ಬಿಸಿ ಭಾಗದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿರಬಹುದು. ಹೀಟರಿನ ಒಳಗೆ ಸೋರುತ್ತಿರಬಹುದು. ಇಲ್ಲವೇ ಇಂಜಿನ್ನೇ ಕುಡಿಯುತ್ತಿರಬಹುದು. ಹೀಟರಿನದು ಸುಲಭ. ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಎತ್ತಿ ಒತ್ತಿ ನೋಡಿ, ಅಂಟು ಅಂಟು ಒದ್ದೆ ಇದೆಯಾ? ಹೀಟರ್ ಹಾಕಿದರೆ ಮುಂದಿನ ಗಾಜಿನ ಒಳಗಡೆ ಜಿಡ್ಡು ಮಂಜು ಕಟ್ಟುತ್ತದಾ? ನನಗೆ ಎರಡೂ ಇರಲಿಲ್ಲ.

ಇಂಜಿನ್ ಕುಡಿಯುತ್ತಿದೆಯಾ ಅನ್ನುವುದೇ ಹನ್ನೆರಡು ಸಾವಿರದ ಪ್ರಶ್ನೆ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು, ಕತ್ತಿನವರೆಗೆ ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡುತ್ತಾ ನಿಲ್ಲಿ. ಮೊದಲು ನಾಲ್ಕೈದು ಗುಳ್ಳೆ ಬರುವುದು ಸಹಜ, ಒಳಗಿದ್ದ ಗಾಳಿ ಅದು. ಆದರೆ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಇನ್ನೂ ಜಾಸ್ತಿಯಾದರೆ, ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಸೈಲೆನ್ಸರಿನಲ್ಲಿ ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಅದೂ ಅದೇ ಕಡೆ ಬೆರಳು ತೋರಿಸುತ್ತದೆ. ಚಳಿಯ ಬೆಳಿಗ್ಗೆ ಎರಡು ನಿಮಿಷ ಬರುವ ಬಿಳಿ ಹೊಗೆಗೆ ಹೆದರಬೇಡಿ.

ಇನ್ನೊಂದು ಗುರುತಿನ ವಿಷಯದಲ್ಲಿ ನಮ್ಮ ಕಡೆಯವರು ಹುಷಾರಾಗಿರಬೇಕು. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಹಾಲು ಕಾಫಿಯ ಬಣ್ಣದ ಕೆನೆ ಇದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ. ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಬರೀ ತೇವ. ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಆವಿ ಮುಚ್ಚಳಕ್ಕೆ ಹಿಡಿಯುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಅಲ್ಲೂ ಕಾಫಿ ಇದ್ದರೆ, ಆಯಿಲ್ ಮಟ್ಟ ಏರಿದ್ದರೆ, ಆಗ ಮೆಕ್ಯಾನಿಕ್ ಹತ್ತಿರ ಹೋಗಿ, ಓಡಿಸಿಕೊಂಡು ಹೋಗಬೇಡಿ. ನನ್ನ ಮುಚ್ಚಳದಲ್ಲಿ ಕೆನೆ ಇತ್ತು, ಡಿಪ್‌ಸ್ಟಿಕ್ ಶುದ್ಧ. ಗುಳ್ಳೆಯೂ ಎರಡೇ ನಿಮಿಷಕ್ಕೆ ನಿಂತಿತು.

ಹಾಗಾದರೆ ಎಲ್ಲೋ ಸೋರಿ ಅಲ್ಲೇ ಒಣಗುತ್ತಿದೆ. ಗ್ಯಾರೇಜುಗಳಲ್ಲಿ ಇದಕ್ಕೊಂದು ಕೈಪಂಪು ಇರುತ್ತದೆ. ಕ್ಯಾಪ್ ಜಾಗಕ್ಕೆ ಸಿಕ್ಕಿಸಿ, ತಣ್ಣಗಿರುವ ಇಂಜಿನ್ನಿಗೆ 0.9ರವರೆಗೆ ಗಾಳಿ ಹೊಡೆದು, ಹದಿನೈದು ನಿಮಿಷ ಮುಳ್ಳು ನೋಡುವುದು. ಮುಳ್ಳು ಇಳಿದರೆ ಲೀಕ್ ಇದೆ. ಅದಕ್ಕಿಂತ ಜಾಸ್ತಿ ಹೊಡೆಯಲು ಬಿಡಬೇಡಿ, ಹಳೇ ರೇಡಿಯೇಟರಿನ ಪ್ಲಾಸ್ಟಿಕ್ ಒಡೆದೀತು. ನನ್ನ ಹತ್ತಿರ ಪಂಪು ಇರಲಿಲ್ಲ. ಇದ್ದದ್ದು ಟಾರ್ಚು, ಬೈಕಿನ ಹಳೇ ಕನ್ನಡಿ ಮತ್ತು ಮಗುವಿನ ಪೌಡರ್ ಡಬ್ಬಿ.

ಅನುಮಾನ ಇದ್ದ ಜಾಗಗಳನ್ನೆಲ್ಲ ಒರೆಸಿ ಪೂರ್ತಿ ಒಣಗಿಸಿದೆ. ಹೋಸ್ ಪೈಪುಗಳ ತುದಿ, ರೇಡಿಯೇಟರಿನ ಅಲ್ಯೂಮಿನಿಯಮ್ಮಿಗೆ ಪ್ಲಾಸ್ಟಿಕ್ ಸೇರುವ ಅಂಚು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್) ಮನೆಯ ಸುತ್ತ, ವಾಟರ್ ಪಂಪ್ ಕೆಳಗೆ, ಬ್ಲಾಕಿನ ಪಕ್ಕದಲ್ಲಿ ರೂಪಾಯಿ ನಾಣ್ಯದಂತೆ ಕುಳಿತಿರುವ ಡಮ್ಮಿಗಳು, ಅಂದರೆ ತೂತು ಮುಚ್ಚುವ ಲೋಹದ ಬಿರಡೆಗಳು. ಎಲ್ಲ ಕಡೆ ತೆಳ್ಳಗೆ ಪೌಡರ್ ಉದುರಿಸಿದೆ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಬಂದ್ ಮಾಡಿ, ತಕ್ಷಣ ಟಾರ್ಚ್ ಹಿಡಿದೆ. ಬಂದ್ ಮಾಡಿದ ಮೇಲಿನ ಐದು ಹತ್ತು ನಿಮಿಷವೇ ಮುಖ್ಯ. ಪಂಪು ನಿಂತಿರುತ್ತದೆ, ಬ್ಲಾಕಿನ ಬಿಸಿ ನೀರಿಗೆ ಏರುತ್ತಲೇ ಇರುತ್ತದೆ, ಒತ್ತಡ ಜಾಸ್ತಿಯಾಗುತ್ತದೆ. ಕೈ ಹಾಕುವಾಗ ಫ್ಯಾನಿನಿಂದ ದೂರ ಇರಿ. ಎಲೆಕ್ಟ್ರಿಕ್ ಫ್ಯಾನ್ ಅದು, ನಿಂತದ್ದು ಮತ್ತೆ ತಿರುಗೀತು.

ಏಳನೇ ನಿಮಿಷಕ್ಕೆ ಸಿಕ್ಕಿತು. ಬ್ಲಾಕಿನ ಬದಿಯಲ್ಲಿ ಹೋಗುವ ಕಬ್ಬಿಣದ ವಾಟರ್ ಪೈಪಿಗೆ ಹೋಸ್ ಸೇರುವ ಜಾಗ. ನೇರ ನೋಡಿದರೆ ಕಾಣುವುದಿಲ್ಲ. ಕನ್ನಡಿ ಓರೆ ಹಿಡಿದಾಗ ಬಿಳಿ ಪೌಡರಿನ ಮೇಲೆ ಕಡ್ಡಿ ಗೀಚಿದಂತೆ ಒಂದು ಒದ್ದೆ ಗೆರೆ. ಕ್ಲಿಪ್ಪಿನ ಅಡಿಯಿಂದ ಸಾಸಿವೆ ಕಾಳಿನಷ್ಟು ಹನಿ ಊರುತ್ತಿತ್ತು, ಬ್ಲಾಕಿಗೆ ತಾಗಿ ಚುರ್ ಅಂತ ಮಾಯವಾಗುತ್ತಿತ್ತು. ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ. ಹಾಳೆ ಒಣಗಿದ್ದಕ್ಕೆ ಕಾರಣ ಇಷ್ಟೇ.

ರಿಪೇರಿಗೆ ಮರುದಿನ ತಣ್ಣಗಿರುವಾಗ ಕುಳಿತೆ. ರೇಡಿಯೇಟರ್ ಕೆಳಗಿನ ಡ್ರೈನ್ ಬಿಚ್ಚಿ ನೀರನ್ನು ಬೇಸಿನ್ನಿಗೆ ಇಳಿಸಿ ಅಳೆದಿಟ್ಟುಕೊಳ್ಳಿ. ಎಷ್ಟು ಇಳಿದಿದೆಯೋ ಕಡಿಮೆ ಅಂದರೂ ಅಷ್ಟು ವಾಪಸ್ ಹಿಡಿಯಬೇಕು. ಕೂಲೆಂಟ್ ಇದ್ದರೆ ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಇರುವುದರಿಂದ ನಾಯಿ ನೆಕ್ಕುತ್ತದೆ, ಸಾಯುತ್ತದೆ.

ಕ್ಲಿಪ್ ಸಡಿಲಿಸಿದ ಮೇಲೆ ಹಳೇ ಹೋಸ್ ಬರುವುದಿಲ್ಲ. ಅಂಟಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಕಬ್ಬಿಣದ ಪೈಪಾದರೆ ಗೀರು ಬೀಳುತ್ತದೆ, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿಯಾದರೆ ಮುರಿದೇ ಹೋಗುತ್ತದೆ. ಹೇಗೂ ಹೊಸದು ಹಾಕುತ್ತೀರಿ ಅಲ್ವಾ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿ. ನನ್ನ ಹೋಸ್ ಹೊರಗಿನಿಂದ ಚೆನ್ನಾಗಿತ್ತು. ಒಳಗೆ ಪೈಪಿನ ಮೂತಿ ಪೂರ್ತಿ ತುಕ್ಕಿನ ಹಕ್ಕಳೆ. ರಬ್ಬರ್ ಹಿಡಿಯಲಿಕ್ಕೆ ನುಣುಪು ಜಾಗವೇ ಇರಲಿಲ್ಲ. ಕ್ಲಿಪ್ ಎಷ್ಟು ಬಿಗಿದರೂ ನಿಲ್ಲುತ್ತಿರಲಿಲ್ಲ.

ಎಮರಿ ಕಾಗದದಲ್ಲಿ ಮೂತಿಯ ಸುತ್ತಲೂ ಉಜ್ಜಿದೆ, ಬೆರಳಿಗೆ ನುಣುಪಾಗುವವರೆಗೆ, ಅರ್ಧ ಗಂಟೆ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿದೆ. ಒತ್ತಿದಾಗ ಕುಳಿ ಬಿದ್ದರೆ, ತೂತಾದರೆ, ಪೈಪೇ ಬದಲಾಯಿಸಬೇಕು. ಎಂ-ಸೀಲ್ ಮೆತ್ತಿ ಓಡಾಡುವವರಿದ್ದಾರೆ, ಅದು ಮನೆ ಮುಟ್ಟುವವರೆಗೆ ಮಾತ್ರ. ನನ್ನದು ಗಟ್ಟಿ ಇತ್ತು. ಹೊಸ ಹೋಸಿನ ಒಳಗೆ ಸ್ವಲ್ಪ ಕೂಲೆಂಟ್ ಸವರಿ ತೂರಿಸಿ. ಆಯಿಲ್ ಗ್ರೀಸ್ ಬೇಡ, ರಬ್ಬರ್ ಕೊಳೆಯುತ್ತದೆ. ಪೈಪಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಕ್ಲಿಪ್ ಕೂರಬೇಕಾದದ್ದು ಆ ಉಬ್ಬು ದಾಟಿದ ಮೇಲೆ. ಉಬ್ಬಿನ ಮೇಲೆ ಅಥವಾ ಹೋಸಿನ ಅಂಚಿಗೇ ಕೂರಿಸಿದರೆ ಮತ್ತೆ ಅದೇ ಕಥೆ. ರಬ್ಬರ್ ಕ್ಲಿಪ್ಪಿನ ಸಂದಿಯಿಂದ ಉಕ್ಕಿ ಬರುವಷ್ಟು ಬಿಗಿಯಬೇಡಿ.

ನಿಮ್ಮ ಲೀಕ್ ವಾಟರ್ ಪಂಪಿನದ್ದಾದರೆ, ಅಂದರೆ ಪಂಪಿನ ಕೆಳಗಿನ ಪುಟ್ಟ ತೂತಿನಿಂದ ನೀರು ಬರುತ್ತಿದ್ದರೆ, ಮನೆಯಲ್ಲಿ ಕೈ ಹಾಕಬೇಡಿ. ಇಂಜಿನ್ನಿನ ತಾಳ ಕಾಯುವ ಟೈಮಿಂಗ್ ಬೆಲ್ಟಿನ ಸಹವಾಸ ಅದು. ಗ್ಯಾರೇಜಿನಲ್ಲಿ ಬೆಲ್ಟನ್ನೂ ಒಟ್ಟಿಗೇ ಹೊಸದು ಹಾಕಿಸಿಕೊಳ್ಳಿ.

ಅರಿಶಿನದ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿದರೆ ಲೀಕ್ ನಿಲ್ಲುತ್ತದೆ ಅಂತ. ನಿಲ್ಲುತ್ತದೆ, ಹಳೇ ಲಾರಿ ಡ್ರೈವರುಗಳು ಸುಳ್ಳು ಹೇಳುವುದಿಲ್ಲ. ಆದರೆ ಸೂಜಿತೂತು ಮುಚ್ಚುವ ಪುಡಿ ರೇಡಿಯೇಟರಿನ ಸಪೂರ ನಳಿಗೆಗಳನ್ನೂ ಹೀಟರನ್ನೂ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಯೂ ಅಷ್ಟೇ. ಕಾಡಿನ ನಡುವೆ ಸಿಕ್ಕಿಕೊಂಡರೆ ಹಾಕಿ, ಮನೆಗೆ ಬಂದು ತೊಳೆಯಿರಿ. "ಥರ್ಮೋಸ್ಟಾಟ್ ತೆಗೆದುಬಿಡಿ, ತಂಪಾಗಿರುತ್ತೆ" ಅನ್ನುವ ಸಲಹೆಗೆ ಮಾತ್ರ ಕಿವಿ ಕೊಡಬೇಡಿ. ಲೀಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದಿಲ್ಲದೆ ಇಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ತುಂಬುವಾಗ ಆತುರ ಬೇಡ. ಮೊದಲು ಮೂರು ಸಲ ಬರೀ ನೀರು ತುಂಬಿ, ಓಡಿಸಿ, ತಣಿಸಿ, ಇಳಿಸಿದೆ. ಮೂರನೇ ಸಲ ಕೆಮ್ಮಣ್ಣು ಹೋಗಿ ತಿಳಿಯಾಯಿತು. ಕೂಲೆಂಟ್ ಗಟ್ಟಿಯದ್ದಾದರೆ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಬೆರೆಸಿ. ಬೆರೆಸಿಯೇ ಬರುವುದಾದರೆ ನೀರು ಮುಟ್ಟಿಸಬೇಡಿ. ಹಸಿರಿಗೆ ಕೆಂಪು ಸೇರಿಸಬೇಡಿ. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಗಾಳಿ ಕ್ಯಾಪಿನ ಕಡೆಗೇ ಏರಲಿ. ಹೀಟರನ್ನು ಬಿಸಿಗೆ ತಿರುಗಿಸಿ ನಿಧಾನ ಹುಯ್ಯಿರಿ. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನು ನಡುನಡುವೆ ಹಿಸುಕಿ. ಗುಳುಗುಳು ಅಂತ ಮಟ್ಟ ಇಳಿಯುತ್ತದೆ, ಮತ್ತೆ ಹುಯ್ಯಿರಿ. 82 ಡಿಗ್ರಿಯ ಹತ್ತಿರ ಥರ್ಮೋಸ್ಟಾಟ್ ತೆರೆದಾಗ ಒಮ್ಮೆಲೇ ಒಂದು ಲೋಟದಷ್ಟು ಕೆಳಗೆ ಹೋಗುತ್ತದೆ. ಅದನ್ನೂ ತುಂಬಿ, ನೀರು ಉಕ್ಕುವ ಮೊದಲೇ ಕ್ಯಾಪ್ ಹಾಕಿ. ಡಬ್ಬಿಯನ್ನು ಎರಡು ಗೆರೆಗಳ ನಡುವೆ ಇಡಿ.

ಮರುದಿನ ತಣ್ಣಗಿರುವಾಗ ನೋಡಿದರೆ ಇನ್ನೊಂದು ಕಾಲು ಲೀಟರ್ ಹಿಡಿಯಿತು. ಅದು ಲೀಕ್ ಅಲ್ಲ, ಉಳಿದಿದ್ದ ಗಾಳಿ. ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆದೆ. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕುಗ್ಗುವುದರಿಂದ ಹದಿನೈದು ದಿನ ಬಿಟ್ಟು ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಆಮೇಲೆ ಎರಡು ಸಲ ಘಾಟಿ ಹತ್ತಿದ್ದೇನೆ, ಗೆರೆ ಇದ್ದಲ್ಲೇ ಇದೆ. ಚೊಂಬು ಮಾತ್ರ ಈಗಲೂ ಡಿಕ್ಕಿಯಲ್ಲಿದೆ, ಅತ್ತಿಗೆ ತೆಗೆಯಲು ಬಿಡುತ್ತಿಲ್ಲ.